ಅರ್ಧ ಇಂಚಿನಕ್ಕ

ಬೀದಿಯ ತಿರುವಿನಲ್ಲಿರುವ ಆ ಟೈಲರ್ ಅಂಗಡಿಯ ಮುಂದೆ ಹಾಯುವಾಗ ಜನ ತಮಗೇ ಅರಿವಿಲ್ಲದೆ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದರು. ಒಳಗೆ ಯಂತ್ರದ ಹಿಂದೆ ಕೂತವಳು ದಾರದ ತುದಿಯನ್ನು ಹಲ್ಲಿನಿಂದ ಕಡಿಯುತ್ತಿರಲಿ, ಗುಂಡಿಗೆ ಕಾಜಾ ಹೊಲಿಯುತ್ತಿರಲಿ, ಅವಳ ಒಂದು ಕಣ್ಣು ತಮ್ಮ ಹೆಗಲ ಮೇಲಿದೆ ಎಂಬ ಅಳುಕು ಎಲ್ಲರಿಗೂ. ಅಳುಕು ಸುಳ್ಳೇನೂ ಆಗಿರಲಿಲ್ಲ.

"ರೀ ಮೇಷ್ಟ್ರೇ, ನಿಮ್ಮ ಎಡ ಹೆಗಲು ಅರ್ಧ ಇಂಚು ಇಳಿದಿದೆ. ರಜೆ ಹಾಕಿದೆಯೋ ಹೇಗೆ?" ಎಂದು ಅವಳು ಕೂತಲ್ಲಿಂದಲೇ ಕೂಗಿದರೆ ಮೇಷ್ಟ್ರು ಚೀಲವನ್ನು ಬಲ ಹೆಗಲಿಗೆ ವರ್ಗಾಯಿಸಿ, ಕಳ್ಳತನ ಮಾಡಿ ಸಿಕ್ಕಿಬಿದ್ದವರಂತೆ ಬೇಗ ಬೇಗ ನಡೆದುಬಿಡುತ್ತಿದ್ದರು. ಹೀಗೆ ಬೀದಿಯ ಮೇಲಿನ ಪ್ರತಿಯೊಬ್ಬರಲ್ಲೂ ಅವಳು ಅರ್ಧ ಇಂಚಿನಷ್ಟು ಕೊರತೆ ಕಂಡುಹಿಡಿದಿದ್ದಳು. ಬೀದಿಯವರು ಸೇಡು ತೀರಿಸಿಕೊಂಡದ್ದು ಹೆಸರಿಡುವುದರ ಮೂಲಕ. ಅರ್ಧ ಇಂಚಿನಕ್ಕ. ಆ ಹೆಸರು ಅವಳ ಕಿವಿಗೆ ಬಿದ್ದಾಗ ಅವಳಿಗೆ ಬೇಸರವೇನೂ ಆಗಲಿಲ್ಲ. ಬಿರುದು ಎಂದುಕೊಂಡಳು.

ಕೊರತೆ ಕಾಣುವುದು ಅವಳ ಅರ್ಧ ವಿದ್ಯೆ. ಅದನ್ನು ಮುಚ್ಚುವುದು ಇನ್ನರ್ಧ. ಬ್ಯಾಂಕಿನ ಅಧಿಕಾರಿಯ ಹೊಟ್ಟೆಯನ್ನು ಅವಳ ಕೋಟು ಎಷ್ಟು ಚೆನ್ನಾಗಿ ನುಂಗಿಕೊಂಡಿತ್ತೆಂದರೆ, ಅವರು ಮನೆಗೆ ಬಂದು ಕೋಟು ಬಿಚ್ಚಿದಾಗಲೆಲ್ಲ ಹೆಂಡತಿ ಒಮ್ಮೆ ಬೆಚ್ಚುತ್ತಿದ್ದಳಂತೆ. ಅಂಚೆ ಕಚೇರಿಯ ಗೂನು ಬೆನ್ನಿನ ಹೆಂಗಸಿಗೆ ಹೊಲಿದ ಕಾಲರಿನ ಕೆಳಗೆ ಗೂನು ಎಲ್ಲಿ ಹೋಯಿತೋ ಹುಡುಕಬೇಕಿತ್ತು. "ಮೈ ದೇವರು ಮಾಡಿದ್ದು ಕಣ್ರೀ, ಅದರಲ್ಲಿ ಹೆಚ್ಚುಕಮ್ಮಿ ಇದ್ದೇ ಇರುತ್ತೆ. ಬಟ್ಟೆ ನಾನು ಮಾಡೋದು," ಎಂದು ಅವಳು ಹೇಳುವಾಗ ದೇವರ ಕೈಕೆಲಸದ ಬಗ್ಗೆ ಅವಳಿಗಿದ್ದ ಮರುಕ ಧ್ವನಿಯಲ್ಲೇ ಗೊತ್ತಾಗುತ್ತಿತ್ತು.

ಅಂಗಡಿಯ ಹಿಂದೆಯೇ ಮನೆ. ಗಂಡ ಬಸ್ ಓಡಿಸುತ್ತಿದ್ದ. ಸ್ಟೀರಿಂಗ್ ಒಂದನ್ನು ಬಿಟ್ಟರೆ ಬದುಕಿನಲ್ಲಿ ಬೇರೇನನ್ನೂ ತಿರುಗಿಸುವ ಗೋಜಿಗೆ ಹೋದವನಲ್ಲ. ಅತ್ತೆ ಅಂಗಡಿಯ ಮೂಲೆಯ ಸ್ಟೂಲಿನ ಮೇಲೆ ಕೂತು ಗುಂಡಿ ಹಚ್ಚುತ್ತ, ಬಂದ ಗಿರಾಕಿಗಳಿಗೆಲ್ಲ ಕೇಳದ ಸಲಹೆ ಕೊಡುತ್ತಿದ್ದರು. ಮತ್ತೆ ಹನ್ನೆರಡು ವರ್ಷದ ಮಗಳು: ಕಾಲು ಉದ್ದ, ನಾಲಿಗೆ ಇನ್ನೂ ಸ್ವಲ್ಪ ಉದ್ದ. ಹುಟ್ಟಿದಾಗಿನಿಂದ ಅವಳು ಅಮ್ಮನ ಕೈಯ ಬಟ್ಟೆ ಬಿಟ್ಟು ಬೇರೆ ತೊಟ್ಟವಳಲ್ಲ.

ತೊಡಬೇಕಾಗಿ ಬಂದದ್ದು ಆಟದ ದಿನಕ್ಕೆ. ಶಾಲೆಯವರು ಎಲ್ಲ ಮಕ್ಕಳಿಗೂ ಒಂದೇ ಕಾರ್ಖಾನೆಯಿಂದ ಹಳದಿ ಅಂಗಿ ತರಿಸಿ ಹಂಚಿದರು. ಮಗಳು ಅದನ್ನು ತೊಟ್ಟು ಕನ್ನಡಿಯ ಮುಂದೆ ನಿಂತಳು. ಅರ್ಧ ಇಂಚಿನಕ್ಕನ ಮುಖ ಹುಳಿ ತಿಂದವಳಂತಾಯಿತು. ಮರುದಿನವೇ ಮಗಳನ್ನೂ ಅಂಗಿಯನ್ನೂ ಎಳೆದುಕೊಂಡು ಶಾಲೆಯ ಮೈದಾನಕ್ಕೆ ಹೋದಳು.

"ಮೇಡಂ, ಇದು ಅಂಗಿನಾ, ಗೋಣಿಚೀಲಾನಾ? ಬಲಗಡೆ ಅಂಚು ನೋಡಿ, ಮುಕ್ಕಾಲು ಇಂಚು ಮೇಲೆ ಹೋಗಿದೆ. ಯಾವ ಪುಣ್ಯಾತ್ಮ ಕತ್ತರಿಸಿದ್ದು ಇದನ್ನ?"

ಆಟದ ಮೇಡಂ ಸೀಟಿಯನ್ನು ಬಾಯಿಂದ ತೆಗೆದರು. ಅಂಗಿ ಬಿಚ್ಚಿಸಿ, ಪಕ್ಕದಲ್ಲಿದ್ದ ಅದೇ ಎತ್ತರದ ಇನ್ನೊಂದು ಹುಡುಗಿಗೆ ತೊಡಿಸಿದರು. ಅಂಗಿ ಗೆರೆ ಎಳೆದ ಹಾಗೆ ನಿಂತಿತು.

"ಪುಣ್ಯಾತ್ಮ ಸರಿಯಾಗೇ ಕತ್ತರಿಸಿದ್ದಾನಲ್ಲಮ್ಮ," ಎಂದು ಮೇಡಂ ಮಗಳ ಕಡೆ ತಿರುಗಿದರು. "ಎರಡೂ ಕೈ ಜೋಡಿಸಿ ಬಗ್ಗು ಪುಟ್ಟಿ. ಕಾಲು ಮುಟ್ಟೋ ಹಾಗೆ."

ಮಗಳು ಬಗ್ಗಿದಳು. ತೆಳ್ಳನೆಯ ಒಳ ಅಂಗಿಯ ಅಡಿಯಲ್ಲಿ ಬೆನ್ನಿನ ಬಲಭಾಗ ಮೇಲೆದ್ದಿತು, ಹಾಸಿದ ಬಟ್ಟೆಯ ಕೆಳಗೆ ಯಾರೋ ಕತ್ತರಿ ಮರೆತ ಹಾಗೆ. ಬೀದಿಯ ಮೇಲೆ ಹೋಗುವ ಕಂಡವರ ಹೆಗಲನ್ನೆಲ್ಲ ಅಳೆದವಳು ಅದನ್ನು ಅಂದೇ ಮೊದಲ ಸಲ ನೋಡಿದಳು.

ಮನೆಗೆ ಬಂದು ಅವಳು ಗೋಡೆಯ ಮೊಳೆಗೆ ಸಿಕ್ಕಿಸಿದ್ದ ಕಂದು ಕಾಗದದ ನಮೂನೆಗಳನ್ನು ಇಳಿಸಿದಳು. ಮಗಳ ಸಮವಸ್ತ್ರಕ್ಕೆಂದು ಪ್ರತಿ ವರ್ಷ ಕತ್ತರಿಸಿಟ್ಟವು. ಒಂದರ ಮೇಲೊಂದು ಇಟ್ಟು ನೋಡಿದಳು. ಎರಡು ವರ್ಷದ ಹಿಂದಿನದರಲ್ಲಿ ಬಲಗಡೆ ಕಾಲು ಇಂಚು ಉದ್ದ. ಹೋದ ವರ್ಷದ್ದರಲ್ಲಿ ಅರ್ಧ. ಈ ವರ್ಷದ್ದರಲ್ಲಿ ಮುಕ್ಕಾಲು, ಸಾಲದ್ದಕ್ಕೆ ಎಡ ಹೆಗಲಿನ ಒಳಗೆ ಹತ್ತಿಯ ಒಂದು ಪುಟ್ಟ ಮೆತ್ತೆ. ಇವೆಲ್ಲವನ್ನೂ ಮಾಡಿದ್ದು ಅವಳದೇ ಕೈ. ಟ್ರಯಲ್ ನೋಡುವಾಗ ಅಂಚು ಮೇಲೆ ಹೋಯಿತು, ಇಳಿಸಿದಳು. ಹೆಗಲು ತಗ್ಗಿತು, ತುಂಬಿಸಿದಳು. ಗಿರಾಕಿಗೆ ಮಾಡುವಷ್ಟೇ ಸಲೀಸಾಗಿ. ಕೈಗೆ ಗೊತ್ತಿದ್ದದ್ದನ್ನು ಕೈ ತಲೆಗೆ ತಿಳಿಸುವ ತೊಂದರೆ ತೆಗೆದುಕೊಂಡಿರಲಿಲ್ಲ.

"ನೆಟ್ಟಗೆ ಕೂತ್ಕೊಳೇ, ನೆಟ್ಟಗೆ ಕೂತ್ಕೊಳೇ ಅಂತ ಹೇಳಿ ಹೇಳಿ ನನ್ನ ಬಾಯಿ ಬಿತ್ತು," ಎಂದರು ಅತ್ತೆ.

"ಬಿದ್ದಿಲ್ಲ ಬಿಡಜ್ಜಿ, ಇನ್ನೂ ಚೆನ್ನಾಗೇ ಇದೆ," ಎಂದಳು ಮೊಮ್ಮಗಳು.

ಆಸ್ಪತ್ರೆಯ ಮೂಳೆ ಡಾಕ್ಟರ್ ತಾಯಿ-ಮಗಳಿಗೆ ಮೂರು ನಿಮಿಷ ದಯಪಾಲಿಸಿದರು. ಎಕ್ಸ್‌ರೇಯ ಮೇಲೆ ಎರಡು ಗೆರೆ ಎಳೆದು ಇಪ್ಪತ್ತೆಂಟು ಡಿಗ್ರಿ ಎಂದರು. ಕೂರುವ ರೀತಿಯಿಂದ ಬಂದದ್ದಲ್ಲ, ಬೆಳೆಯುವ ವಯಸ್ಸಿನಲ್ಲಿ ಕೆಲವು ಮಕ್ಕಳಿಗೆ ಬೆನ್ನುಮೂಳೆ ಹೀಗೆ ಪಕ್ಕಕ್ಕೆ ಬಾಗುತ್ತದೆ ಎಂದರು. ಇನ್ನೂ ಎರಡು ವರ್ಷ ಇವಳು ಬೆಳೆಯುತ್ತಾಳೆ; ಬೆಳೆದಂತೆ ಬಾಗೂ ಬೆಳೆದು ಐವತ್ತು ಡಿಗ್ರಿಯ ಹತ್ತಿರ ಹೋದರೆ ಆಪರೇಷನ್, ಬೆನ್ನಿಗೆ ಲೋಹದ ಕಂಬಿ. ಹಾಗಾಗದಂತೆ ತಡೆಯಬೇಕಾದರೆ ದಿನಕ್ಕೆ ಇಪ್ಪತ್ತು ಗಂಟೆ ಬೆನ್ನನ್ನು ಬಿಗಿದು ಹಿಡಿಯುವ ಬ್ರೇಸ್ ಹಾಕಬೇಕು. "ನೆಟ್ಟಗೆ ಆಗತ್ತಾ ಡಾಕ್ಟ್ರೇ?" ಎಂದು ಕೇಳುವಷ್ಟರಲ್ಲಿ ನಾಲ್ಕನೆಯ ನಿಮಿಷ ಶುರುವಾಗಿ, ಮುಂದಿನ ರೋಗಿ ಒಳಗೆ ಬಂದಿದ್ದ.

ಬ್ರೇಸ್ ಮಾಡುವವನು ಇದ್ದದ್ದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ. ಹುಬ್ಬಿನವರೆಗೂ ಪ್ಲಾಸ್ಟರಿನ ಬಿಳಿ ಪುಡಿ ಮೆತ್ತಿಕೊಂಡ ವಯಸ್ಸಾದ ಮನುಷ್ಯ. ಗಾರೆ ಸಾಹೇಬ ಎಂದು ಅರ್ಧ ಇಂಚಿನಕ್ಕ ಮೊದಲ ನೋಟಕ್ಕೇ ಅವನಿಗೆ ಹೆಸರಿಟ್ಟಳು. ಗೋಡೆಯುದ್ದಕ್ಕೂ ಅಟ್ಟಣಿಗೆಗಳಲ್ಲಿ ತಲೆಯಿಲ್ಲದ, ಕೈಯಿಲ್ಲದ ಬಿಳಿ ಮೈಗಳು. ಎಲ್ಲ ಮಕ್ಕಳವು, ಎಲ್ಲವೂ ಒಂದೊಂದು ಕಡೆಗೆ ವಾಲಿದಂಥವು. ಅಂಗಡಿಯ ಗೊಂಬೆಗಳನ್ನು ನೋಡಿ ಅಭ್ಯಾಸವಿದ್ದ ಅವಳಿಗೆ ಇಂಥ ಕಳಪೆ ಗೊಂಬೆಗಳನ್ನು ಯಾಕೆ ಜೋಪಾನ ಮಾಡಿದ್ದಾನೆಂದು ಆಶ್ಚರ್ಯವಾಯಿತು.

ಅವನು ಮಗಳ ಮೈಗೆ ಒದ್ದೆ ಪ್ಲಾಸ್ಟರ್ ಪಟ್ಟಿ ಸುತ್ತಿ, ಒಣಗಿಸಿ, ಸೀಳಿ ತೆಗೆದ. ಮೂರು ದಿನದ ನಂತರ ಅವಳು, "ನಾನೂ ಕೈಕೆಲಸದವಳೇ, ನೋಡಬಾರದಾ?" ಎಂದು ಹಟ ಹಿಡಿದು ಬಂದು ಕೂತಾಗ, ಆ ಅಚ್ಚಿನಲ್ಲಿ ಎರಕ ಹೊಯ್ದ ಮಗಳ ಬಿಳಿ ಮೈಯನ್ನು ಉಜ್ಜುತ್ತಿದ್ದ.

"ಅಲ್ಲ ಸಾರ್, ಉಬ್ಬಿರೋ ಕಡೆ ಕೆರೀತಿದೀರಿ, ತಗ್ಗಿರೋ ಕಡೆ ಇನ್ನಷ್ಟು ಮೆತ್ತುತಿದೀರಿ. ಅಷ್ಟು ಕಷ್ಟಪಟ್ಟು ಅಳತೆ ತಗೊಂಡಿದ್ದು ಯಾಕೆ ಮತ್ತೆ?"

"ಈ ಗೊಂಬೆ ಮೇಲೇ ತಾನೇ ಬಿಸಿ ಪ್ಲಾಸ್ಟಿಕ್ ಹೊದಿಸೋದು? ಇಲ್ಲಿ ಕೆರೆದ ಕಡೆ ಬ್ರೇಸ್ ಒತ್ತುತ್ತೆ, ಮೆತ್ತಿದ ಕಡೆ ಖಾಲಿ ಜಾಗ ಉಳಿಯುತ್ತೆ. ಬಲಗಡೆ ತಳ್ಳಿದ್ದು ಎಡಗಡೆಗೆ ಹೋಗೋಕೆ ಜಾಗ ಬೇಡ್ವಾ ತಾಯಿ? ನಿಮ್ಮ ಬಟ್ಟೆ ಮೈ ಹೇಳಿದ ಹಾಗೆ ಕೇಳುತ್ತೆ. ನನ್ನ ಡಬ್ಬಿ ಹೇಳಿದ ಹಾಗೆ ಮೈ ಕೇಳ್ಬೇಕು."

"ಬೆಳೆಯೋ ಮಗು ಅದು. ಸುತ್ತ ಒಂದಿಂಚು ಒಳಮಡಿಕೆನಾದ್ರೂ ಬಿಡಿ."

"ಬೆಳೆದಾಗ ಹೊಸದು ಮಾಡೋಣ."

"ನಮ್ಮ ಅಂಗಡೀಲಿ ಹೀಗೆ ಹೊಲಿದ್ರೆ ಗಿರಾಕಿ ಮುಖದ ಮೇಲೆ ಎಸೆದು ಹೋಗ್ತಾರೆ."

"ನನ್ನ ಗಿರಾಕಿಗಳೂ ಎಸೀತಾರೆ ತಾಯಿ. ನಾನು ಎತ್ತಿಕೊಂಡು ಮತ್ತೆ ಹಾಕ್ತೀನಿ," ಎಂದು ಗಾರೆ ಸಾಹೇಬ ಉಜ್ಜುವುದನ್ನು ಮುಂದುವರಿಸಿದ.

ಕಂಕುಳಿಂದ ಸೊಂಟದವರೆಗೆ ಬರುವ ಬಿಳಿ ಪ್ಲಾಸ್ಟಿಕ್ ಕವಚ, ಮುಂದೆ ಬಿಗಿಯಲು ಮೂರು ಪಟ್ಟಿ, ಬಲ ಪಕ್ಕೆಗೆ ಒತ್ತುವಂತೆ ಒಳಗೆ ಅಂಟಿಸಿದ ದಪ್ಪ ಮೆತ್ತೆ. ಮಗಳು ಅದನ್ನು ತೊಟ್ಟು ಮನೆಗೆ ಬಂದ ದಿನ ಅತ್ತೆ, "ಮಗೂನ ಬಕೆಟ್ಟಿನೊಳಗೆ ಇಳಿಸಿಬಿಟ್ರಲ್ಲೋ!" ಎಂದು ಹಣೆ ಬಡಿದುಕೊಂಡರು. ಶಾಲೆಯಲ್ಲಿ ಯಾರೋ ಸ್ಕೇಲಿನಿಂದ ತಟ್ಟಿ ಶಬ್ದ ನೋಡಿದರಂತೆ. ಮಗಳು, "ಮನೇಲಿ ಯಾರೂ ಇಲ್ಲ, ನಾಳೆ ಬನ್ನಿ," ಎಂದಳಂತೆ. ಅದನ್ನು ಮನೆಯಲ್ಲಿ ನಗುತ್ತಲೇ ಹೇಳಿದಳು. ಆಮೇಲೆ ಬಚ್ಚಲಿಗೆ ಹೋಗಿ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡಿದ್ದಳು. ಆದರೆ ಬಿಚ್ಚಲಿಲ್ಲ. ಸ್ನಾನದ ಹೊತ್ತು, ಆಟದ ಹೊತ್ತು ಬಿಟ್ಟರೆ ಹಟ ಹಿಡಿದು ತೊಟ್ಟೇ ಇದ್ದಳು. ಬೆನ್ನಿಗೆ ಕಂಬಿ ಹಾಕುವ ಮಾತು ಅವಳ ಕಿವಿಗೂ ಬಿದ್ದಿತ್ತಲ್ಲ.

ತಡೆದುಕೊಳ್ಳಲಾರದೆ ಹೋದವಳು ಅಮ್ಮ. ಸಂಜೆ ಬ್ರೇಸ್ ತೆಗೆದಾಗ ಬಲ ಪಕ್ಕೆಯ ಮೇಲೆ ಕೆಂಪು ಗುರುತು. ಅರ್ಧ ಗಂಟೆಯಲ್ಲಿ ಅದು ಮಾಯವಾದರೆ ಎಲ್ಲ ಸರಿಯಿದೆಯೆಂದು ಗಾರೆ ಸಾಹೇಬ ಹೇಳಿದ್ದ, ಮಾಯವೂ ಆಗುತ್ತಿತ್ತು. ಆ ಅರ್ಧ ಗಂಟೆಯಲ್ಲಿ ಹೊಲಿದದ್ದನ್ನು ಮಾತ್ರ ಅವಳು ಆಮೇಲೆ ಬಿಚ್ಚಿ ಮತ್ತೆ ಹೊಲಿಯಬೇಕಾಗುತ್ತಿತ್ತು. ಅವಳ ಕಸುಬಿನಲ್ಲಿ ಗುರುತು ಬೀಳುವ ಬಟ್ಟೆ ಎಂದರೆ ಕೆಟ್ಟ ಬಟ್ಟೆ. ಎಡಗಡೆಯಂತೂ ಕೈ ತೂರುವಷ್ಟು ಜೋಲು. ಒಂದು ಕಡೆ ಬಿಗಿ, ಒಂದು ಕಡೆ ಸಡಿಲ! ಇದಕ್ಕಿಂತ ಆ ಹಳದಿ ಅಂಗಿಯೇ ವಾಸಿಯಾಗಿತ್ತು.

ಒಂದು ಭಾನುವಾರ ಮಧ್ಯಾಹ್ನ, ಮಗಳು ಸ್ನಾನಕ್ಕೆ ಹೋದಾಗ, ಅವಳು ಬ್ರೇಸನ್ನು ಕತ್ತರಿಸುವ ಮೇಜಿನ ಮೇಲೆ ಅಂಗಾತ ಮಲಗಿಸಿದಳು. ಬ್ಲೇಡಿನಿಂದ ಬಲಗಡೆಯ ಮೆತ್ತೆಯನ್ನು ಪದರ ಪದರವಾಗಿ ಕೆರೆದಳು. ಎಷ್ಟು? ಅರ್ಧ ಇಂಚು. ಎಡಗಡೆಯ ಖಾಲಿ ಜಾಗಕ್ಕೆ ಸ್ಪಂಜು ತುಂಬಿ, ಮೇಲೆ ಮೆತ್ತನೆಯ ಹತ್ತಿ ಬಟ್ಟೆ ಹೊದಿಸಿ, ಅಂಚಿಗೆ ಕಣ್ಣಿಗೆ ಕಾಣದಂಥ ಸಣ್ಣ ಹೊಲಿಗೆ ಹಾಕಿದಳು. ಬಿಗಿ ಇದ್ದದ್ದನ್ನು ಸಡಿಲಿಸಿ, ಸಡಿಲ ಇದ್ದದ್ದನ್ನು ತುಂಬಿಸಿ, ಗಾರೆ ಸಾಹೇಬನ ಮೂರು ದಿನದ ಕೆಲಸವನ್ನು ಮುಕ್ಕಾಲು ಗಂಟೆಯಲ್ಲಿ ತಿದ್ದಿ ಮುಗಿಸಿದಳು.

ಸ್ನಾನ ಮುಗಿಸಿ ಬಂದ ಮಗಳು ತೊಟ್ಟು, ಒಂದು ಸುತ್ತು ತಿರುಗಿದಳು. "ಅಮ್ಮಾ, ಈಗ ಏನೂ ಆಗ್ತಾನೇ ಇಲ್ಲ!"

ಏನೂ ಆಗುತ್ತಿರಲಿಲ್ಲ, ನಿಜ. ನಾಲ್ಕು ತಿಂಗಳು ಮಗಳು ಆ ಕವಚದಲ್ಲಿ ಸುಖವಾಗಿ ಉಂಡಳು, ಓದಿದಳು, ಮಲಗಿದಳು. ಅರ್ಧ ಇಂಚಿನಕ್ಕ ಟ್ರಯಲ್‌ಗೆ ಬಂದ ಗಿರಾಕಿಗಳಿಗೆಲ್ಲ, "ಆಸ್ಪತ್ರೆಯವರಿಗೆ ಫಿಟ್ಟಿಂಗ್ ಎಲ್ಲಿ ಬರ್ಬೇಕು ಹೇಳಿ? ನಾನೇ ಸರಿ ಮಾಡಿದೆ," ಎಂದು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಕೊಚ್ಚಿಕೊಂಡಳು. ಗಿರಾಕಿಗಳು ತಲೆದೂಗಿದರು. ಗುಂಡುಸೂಜಿ ಬಾಯಲ್ಲಿರುವವಳ ಮಾತಿಗೆ ಎದುರಾಡುವವರು ಕಡಿಮೆ.

ಮರು ತಪಾಸಣೆಯ ಎಕ್ಸ್‌ರೇಯ ಮೇಲೆ ಡಾಕ್ಟರ್ ಮತ್ತೆ ಎರಡು ಗೆರೆ ಎಳೆದರು. ಮೂವತ್ತೈದು.

"ಹಾಕ್ಕೊಳ್ತಿಲ್ಲ," ಎಂದರು, ಮಗಳ ಮುಖವನ್ನೂ ನೋಡದೆ.

"ಹಾಕ್ಕೊಂಡಿದೀನಿ ಡಾಕ್ಟರ್. ಸ್ನಾನಕ್ಕೆ, ಆಟಕ್ಕೆ ಬಿಟ್ರೆ ತೆಗೆದೇ ಇಲ್ಲ."

"ಎಲ್ಲ ಮಕ್ಕಳೂ ಇದನ್ನೇ ಹೇಳ್ತಾರೆ." ಫೈಲಿನಲ್ಲಿ ಅವರ ಪೆನ್ನು ಓಡಿತು: ಮಗು ಸಹಕರಿಸುತ್ತಿಲ್ಲ.

ಮಗಳು ಅಮ್ಮನ ಕಡೆ ತಿರುಗಿದಳು. ನೀನು ಹೇಳು, ನೀನೇ ನೋಡಿದ್ದೀಯಲ್ಲ, ಎಂಬಂತೆ. ಊರಿನ ಕೊರತೆಯನ್ನೆಲ್ಲ ಗಟ್ಟಿಯಾಗಿ ಕೂಗಿ ಹೇಳುತ್ತಿದ್ದವಳಿಗೆ ಒಳಗೆಲ್ಲೋ ಗೊತ್ತಾಗಿಹೋಗಿತ್ತು. ಬ್ಲೇಡು, ಸ್ಪಂಜು, ಕೆರೆದ ಪದರ, ಎಲ್ಲ ಕಣ್ಣೆದುರು ಬಂದವು. ಆದರೂ ಬಾಯಿಗೆ ಯಾರೋ ಎರಡೆಳೆ ದಾರದಲ್ಲಿ ಹೊಲಿಗೆ ಹಾಕಿದಂತೆ ನೆಲ ನೋಡುತ್ತ ನಿಂತಳು. ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ ಅತ್ತೆ ಸುದ್ದಿ ಕೇಳಿ, "ಸುಳ್ಳು ಬೇರೆ ಕಲಿತ್ಯಾ?" ಎಂದು ಮೊಮ್ಮಗಳನ್ನು ಗದರಿದರು. ಆಗಲೂ ಅಮ್ಮ ಬಾಯಿ ಬಿಡಲಿಲ್ಲ. ಮಗಳು ಅಳಲಿಲ್ಲ. ಅಮ್ಮನ ಕೈ ಬಿಡಿಸಿಕೊಂಡು ಎರಡು ಹೆಜ್ಜೆ ಮುಂದೆ ನಡೆದಳು, ಅಷ್ಟೇ.

ಬ್ರೇಸ್ ತೋರಿಸಲು ನೆಲಮಾಳಿಗೆಗೆ ಇಳಿದರು. ಗಾರೆ ಸಾಹೇಬ ಮೊದಲು ಪಟ್ಟಿಗಳನ್ನು ನೋಡಿದ.

"ಯಾರು ಹೇಳಿದ್ದು ಮಗು ಹಾಕ್ಕೊಂಡಿಲ್ಲ ಅಂತ? ಪಟ್ಟಿ ಅಂಟೋ ಜಾಗ ಸವೆದು ಹೋಗಿದೆ, ನೂಲಿನ ಪುಡಿ ತುಂಬಿಕೊಂಡಿದೆ. ಕಪಾಟಿನಲ್ಲಿಟ್ಟ ಬ್ರೇಸ್ ಹೊಸ ಚಪ್ಪಲಿ ಹಾಗೆ ಇರುತ್ತೆ." ಆಮೇಲೆ ಅವನ ಬೆರಳು ಒಳಗೆ ಹೋಯಿತು. ಬಲಗಡೆ ನಿಂತಿತು. ಎಡಗಡೆ ನಿಂತಿತು. ಬ್ರೇಸನ್ನು ದೀಪದ ಬೆಳಕಿಗೆ ಹಿಡಿದು, ಕನ್ನಡಕ ಏರಿಸಿ, ಹೊಲಿಗೆಯ ಸಾಲನ್ನು ಬಹಳ ಹೊತ್ತು ನೋಡಿದ.

"ಒಂದು ಹೊಲಿಗೆ ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ," ಎಂದ. "ಮೂವತ್ತು ವರ್ಷದಲ್ಲಿ ನನ್ನ ಕೆಲಸಾನ ಇಷ್ಟು ಚೆಂದವಾಗಿ ಯಾರೂ ಕೆಡಿಸಿಲ್ಲ ತಾಯಿ. ಇದು ಬ್ರೇಸ್ ಅಲ್ಲ ಈಗ, ಒಳ್ಳೇ ಸ್ವೆಟರು."

ಅಟ್ಟಣಿಗೆಯ ಬಿಳಿ ಮೈಗಳೆಲ್ಲ ವಾಲಿಕೊಂಡು ಕೇಳುತ್ತಿರುವಂತಿತ್ತು.

"ಅವಳಿಗೆ ನೋಯ್ತಿತ್ತು..." ಎಂದಳು ಅರ್ಧ ಇಂಚಿನಕ್ಕ. ಅವಳ ಧ್ವನಿ ಅವಳಿಗೇ ಕೇಳಿಸಲಿಲ್ಲ.

"ನಂಗೆ ಅಷ್ಟೇನೂ ನೋಯ್ತಿರ್ಲಿಲ್ಲ. ನಿಂಗೆ ನೋಯ್ತಿತ್ತು," ಎಂದಳು ಮಗಳು. "ಅದಿರ್ಲಿ. ಮೇಲೆ ಡಾಕ್ಟರ್ ಹತ್ರ ಯಾಕೆ ಹೇಳ್ಲಿಲ್ಲ?"

ಅಮ್ಮ ಬ್ರೇಸಿನೊಳಗಿನ ತನ್ನದೇ ಹೊಲಿಗೆಯನ್ನು ಬೆರಳಿನಿಂದ ಸವರಿದಳು.

"ಫೈಲಲ್ಲಿ ಬರೆದಿದಾರೆ, ನಾನು ಸಹಕರಿಸ್ತಿಲ್ಲ ಅಂತ. ಅದನ್ನ ಹೊಡೆದುಹಾಕಿಸು. ಆಮೇಲೆ ಬೇಕಾದ್ರೆ ನನ್ನ ಅಳತೆ ತಗೊಳ್ಲಿ ಇವರು. ಅಲ್ಲೀವರೆಗೂ ನಾನು ಈ ಸ್ಟೂಲಿಂದ ಏಳಲ್ಲ."

ಅರ್ಧ ಇಂಚಿನಕ್ಕ ಮೆಟ್ಟಿಲು ಹತ್ತಿದಳು. ಹೊಸ ಟೋಕನ್ ತೆಗೆದುಕೊಂಡು ಇಪ್ಪತ್ತಮೂರು ಜನರ ಹಿಂದೆ ಕೂತಳು. ಸಾಲಿನಲ್ಲಿ ಎದುರು ಕೂತಿದ್ದವರ ಹೆಗಲು ಯಾವುದು ಏರಿದೆ, ಯಾವುದು ಇಳಿದಿದೆ ಎಂದು ಅವಳ ಕಣ್ಣು ಅಭ್ಯಾಸಬಲದಿಂದ ಹೊರಟಿತು; ಅದನ್ನು ಹಿಡಿದು ಮಡಿಲಲ್ಲಿದ್ದ ತನ್ನ ಕೈಗಳ ಮೇಲೆ ಇಟ್ಟುಕೊಂಡಳು. ಬಲಗೈಯ ತೋರುಬೆರಳ ತುದಿ ಸೂಜಿ ತಾಗಿ ತಾಗಿ ದಡ್ಡುಗಟ್ಟಿತ್ತು. ಅಲ್ಲಿ ಚುಚ್ಚಿದರೂ ಗೊತ್ತಾಗದು.

ಡಾಕ್ಟರಿಗೆ ಅವಳ ನೆನಪೇ ಇರಲಿಲ್ಲ. ಫೈಲು ತೆರೆದು ಕೇಳಿಸಿಕೊಂಡರು. ಮೆತ್ತೆ ಕೆರೆದದ್ದು, ಸ್ಪಂಜು ತುಂಬಿದ್ದು, ಮಗಳು ಬೈಸಿಕೊಳ್ಳುವಾಗ ಸುಮ್ಮನೆ ನಿಂತದ್ದು, ಎಲ್ಲ. ಈ ಸಲ ಮೂರು ನಿಮಿಷ ಮೀರಿದ್ದು ಅವರಿಗೇ ಗಮನಕ್ಕೆ ಬರಲಿಲ್ಲ.

"ಸರಿ, ಹೊಡೆದುಹಾಕ್ತೀನಿ. ಏನಂತ ಬರೀಲಿ ಮತ್ತೆ?"

"ಇದ್ದದ್ದನ್ನೇ ಬರೀರಿ."

ಅವರು ಬರೆದರು. ಅವಳು ಫೈಲನ್ನು ಎದೆಗೆ ಒತ್ತಿಕೊಂಡು ನೆಲಮಾಳಿಗೆಗೆ ಇಳಿದಳು. ಮಗಳು ತೆರೆದು ನೋಡಿದಳು. 'ಮಗು' ಎಂಬುದರ ಮೇಲೆ ಒಂದು ಗೆರೆ. ಅದರ ಮೇಲ್ಗಡೆ ಸಣ್ಣ ಅಕ್ಷರದಲ್ಲಿ 'ತಾಯಿ'. ಮುಂದಿನ ಪದ ಇದ್ದ ಹಾಗೇ ಇತ್ತು. ಮಗಳ ಮುಖದ ಒಂದು ಮೂಲೆಯಲ್ಲಿ ನಗು ಕಾಣಿಸಿತು. "ಡಾಕ್ಟರೂ ಆಲ್ಟರೇಷನ್ ಮಾಡ್ತಾರೆ ನೋಡು," ಎಂದು ಸ್ಟೂಲಿನಿಂದ ಇಳಿದು, ಗಾರೆ ಸಾಹೇಬನ ಮುಂದೆ ಕೈ ಎತ್ತಿ ನಿಂತಳು.

ಹೊಸ ಬ್ರೇಸ್ ಬಂತು. ಕೆಂಪು ಗುರುತೂ ಬಂತು. ಅರ್ಧ ಇಂಚಿನಕ್ಕ ಗಡಿಯಾರ ನೋಡುತ್ತ ಆ ಅರ್ಧ ಗಂಟೆಯನ್ನು ದಿನವೂ ನುಂಗಿದಳು. ಕೈ ಸುಮ್ಮನಿರದಾದಾಗ ಗಾರೆ ಸಾಹೇಬನ ಬಳಿ ಹೋಗಿ, "ಅಣ್ಣಾ, ನನ್ನ ಕೈಗೆ ಏನಾದ್ರೂ ಕೆಲಸ ಕೊಡಿ, ಇಲ್ಲಾಂದ್ರೆ ಮತ್ತೆ ಬ್ಲೇಡು ಹಿಡಿಯುತ್ತೆ," ಎಂದಳು. ಬ್ರೇಸಿನ ಒಳಗೆ ಮಕ್ಕಳು ತೊಡುವ ಬನಿಯನ್ನು ಹೊಲಿದುಕೊಡಲು ಅವನು ಹೇಳಿದ. ಹತ್ತು ಬನಿಯನ್ನು ಹೊಲಿದು ಒಯ್ದಳು. ಅವನು ಒಂದೊಂದನ್ನೂ ತಿರುವಿ ನೋಡಿ ಹತ್ತನ್ನೂ ವಾಪಸ್ ಕೊಟ್ಟ.

"ಪಕ್ಕದಲ್ಲಿ ಹೊಲಿಗೆ ಇದೆ. ಒತ್ತೋ ಜಾಗದಲ್ಲಿ ಹೊಲಿಗೆ ಬಂದ್ರೆ ಚರ್ಮ ಕೀಳುತ್ತೆ."

"ಕಾಲು ಇಂಚೂ ಇಲ್ಲವಲ್ಲ ಅಣ್ಣಾ ಅದು!"

"ಕಾಲು ಇಂಚೇ ಸಾಕು," ಎಂದ ಗಾರೆ ಸಾಹೇಬ, ಪರಮಾನಂದದಿಂದ.

ಬೈದುಕೊಳ್ಳುತ್ತ ಮನೆಗೆ ಬಂದು, ಹೊಲಿಗೆಯನ್ನು ಮುಂಭಾಗಕ್ಕೆ ಸರಿಸಿ, ಒಳಗಿನ ಅಂಚನ್ನು ಹೊರಗೆ ಮಗುಚಿ, ಹತ್ತನ್ನೂ ಬಿಚ್ಚಿ ಮತ್ತೆ ಹೊಲಿದಳು. ಆಮೇಲೆ ಎರಡು ವರ್ಷ ನೆಲಮಾಳಿಗೆಯ ಮಕ್ಕಳೆಲ್ಲ ಅವಳ ಬನಿಯನ್ನನ್ನೇ ತೊಟ್ಟರು. ಅವು ಯಾವ ಕೊರತೆಯನ್ನೂ ಮುಚ್ಚುತ್ತಿರಲಿಲ್ಲ.

ಮಗಳ ಎತ್ತರ ನಿಂತ ವರ್ಷ ಡಾಕ್ಟರ್ ಕೊನೆಯ ಸಲ ಎರಡು ಗೆರೆ ಎಳೆದರು. ಮೂವತ್ತಾರು. "ನೆಟ್ಟಗಾಗಿಲ್ಲ. ಆದರೆ ನಿಂತಿದೆ. ಆಪರೇಷನ್ ಬೇಡ," ಎಂದರು. ಆ ಕಳೆದುಹೋದ ನಾಲ್ಕು ತಿಂಗಳ ಏಳು ಡಿಗ್ರಿ ಮಾತ್ರ ಮಗಳ ಬೆನ್ನಿನಲ್ಲಿ ಹಾಗೇ ಉಳಿಯಿತು.

ಬ್ರೇಸ್ ಇಲ್ಲದ ಮೈಗೆ ಮೊದಲ ಅಂಗಿ ಹೊಲಿಯಲು ಮಗಳು ಅಂಗಡಿಯ ಕನ್ನಡಿಯ ಮುಂದೆ ನಿಂತಳು. ಅಮ್ಮ ಟೇಪು ಹಿಡಿದಳು. ಸಾಮಾನ್ಯವಾಗಿ ಒಂದು ಕಡೆ ಅಳೆದು ಎರಡೂ ಕಡೆಗೆ ಬರೆದುಕೊಳ್ಳುತ್ತಿದ್ದವಳು ಅಂದು ಬಲಗಡೆ ಅಳೆದಳು, ಎಡಗಡೆಯೂ ಅಳೆದಳು, ಎರಡನ್ನೂ ಮೆಲ್ಲಗೆ ಹೇಳಿದಳು.

"ಕೇಳಿಸ್ಲಿಲ್ಲ," ಎಂದಳು ಪುಸ್ತಕ ಹಿಡಿದಿದ್ದ ಮಗಳು. "ಮೇಷ್ಟ್ರಿಗೆ ಕೂಗ್ತೀಯಲ್ಲ, ಹಾಗೆ ಹೇಳು."

ಅಮ್ಮ ಗಟ್ಟಿಯಾಗಿ ಹೇಳಿದಳು. ಬಾಗಿಲಲ್ಲಿ ಹೋಗುತ್ತಿದ್ದವರಿಗೂ ಕೇಳಿಸಿತು. ಮಗಳು ಬರೆದುಕೊಂಡು, ಪುಸ್ತಕ ಕೆಳಗಿಟ್ಟು, ಟೇಪನ್ನು ಅಮ್ಮನ ಕೈಯಿಂದ ಕಿತ್ತುಕೊಂಡಳು.

"ಈಗ ನೀನು ನಿಂತ್ಕೋ."

"ಏನೇ ಇದು, ನನ್ನ ಅಳತೆ ಯಾಕೆ? ನನ್ನನ್ನ ಯಾರೂ ಅಳೆದಿಲ್ಲ..."

"ಅದಕ್ಕೇ."

ಮಗಳು ಟೇಪನ್ನು ಕತ್ತಿನಿಂದ ಒಂದು ಹೆಗಲಿಗೆ, ಮತ್ತೆ ಇನ್ನೊಂದು ಹೆಗಲಿಗೆ ಎಳೆದಳು. ನೆಲದಿಂದ ಮೇಲಕ್ಕೂ ಹಿಡಿದು ನೋಡಿದಳು. ಬಟ್ಟೆಯನ್ನು ಸೂಜಿಯ ಕೆಳಗೆ ತಳ್ಳಿ ತಳ್ಳಿ ಇಪ್ಪತ್ತೈದು ವರ್ಷ ಸವೆಸಿದ ಹೆಗಲು ಅದು.

"ಎಡಗಡೆ ಅರ್ಧ ಇಂಚು ಇಳಿದಿದೆ ಅಕ್ಕಾ," ಎಂದಳು, ಬೀದಿಯವರ ರಾಗದಲ್ಲಿ. ಮೂಲೆಯ ಸ್ಟೂಲಿನ ಮೇಲೆ ಅತ್ತೆಗೆ ನಗು ತಡೆಯಲಾಗದೆ ಗುಂಡಿಗಳೆಲ್ಲ ಮಡಿಲಿನಿಂದ ಉರುಳಿದವು.

"ಸುಮ್ನಿರೇ, ಕತ್ತೆ," ಎಂದಳು ಅರ್ಧ ಇಂಚಿನಕ್ಕ. ಅವರಿಬ್ಬರೂ ಗುಂಡಿ ಆಯಲು ಬಗ್ಗಿದ್ದನ್ನು ಖಾತ್ರಿ ಮಾಡಿಕೊಂಡು, ಕನ್ನಡಿಯ ಕಡೆ ಒಮ್ಮೆ ಕದ್ದು ನೋಡಿ, ಎಡ ಹೆಗಲನ್ನು ಸ್ವಲ್ಪ ಎತ್ತಿದಳು.